ಎರಡನೆಯ ಪೋಷಕರನ್ನು ಕೈಬಿಡಲಾಗಿದೆ

ಕೆಳವಾಸದ ನೂರ ಅರವತ್ತಮೂರನೆಯ ವರ್ಷ,
ಬೇಗೆ ತಿಂಗಳ ಎಪ್ಪತ್ತೊಂದನೆಯ ದಿನ,
ಬೀದರದ ಕೆಂಪುಕಲ್ಲಿನ ಕೆಳಗಿನಿಂದ.

ವಿ. ಸು. ಅವರಿಗೆ ಚಂದ್ರಭಾಗಾ ಮಾಡುವ ನಮಸ್ಕಾರ.

ತಿಂಗಳಿಗೆ ಎಪ್ಪತ್ತೊಂದು ದಿನ ಹೇಗೆ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಚಂದ್ರನನ್ನು ನೋಡಿ ತಿಂಗಳು ಎಣಿಸುವುದನ್ನು ನಾವು ಬಿಟ್ಟು ಐದು ತಲೆಮಾರಾಯಿತು. ಮೇಲೆ ಕಾಲಿಡಲಾಗದಷ್ಟು ಬಿಸಿಲಿರುವ ದಿನಗಳನ್ನೆಲ್ಲ ಒಟ್ಟುಮಾಡಿ ಬೇಗೆ ಎನ್ನುತ್ತೇವೆ. ಅದು ಮುಗಿದಾಗ ಮುಗಿಯಿತು, ಅಷ್ಟೇ. ಇಂಥ ಮಾತುಗಳು ಇನ್ನೂ ಬರುತ್ತವೆ. ನೀವು ಬಳಸುತ್ತಿದ್ದ ಎಷ್ಟೋ ಮಾತುಗಳು ನಮ್ಮಲ್ಲಿ ಉಳಿದಿಲ್ಲ, ಉಳಿದ ಕೆಲವು ಬೇರೆ ಕೆಲಸಕ್ಕೆ ಸೇರಿಕೊಂಡಿವೆ. ಇಂಥ ಕಾಗದದಲ್ಲಿ ಮೊದಲಿಗೆ ಕ್ಷಮೆ ಕೇಳುವುದು ಮರ್ಯಾದೆ. ಕೇಳಿದ್ದೇನೆ. ಇದಕ್ಕಿಂತ ಹೆಚ್ಚಿನ ವಿನಯವನ್ನು ನನ್ನಿಂದ ನಿರೀಕ್ಷಿಸಬೇಡಿ, ಏಕೆಂದರೆ ಮೊನ್ನೆಯವರೆಗೂ ನಾನು ನಿಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ನಿಮ್ಮ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ನೀವು ಹೆಂಗಸೋ ಗಂಡಸೋ, ಮನೆಯಲ್ಲಿ ನಿಮಗಾಗಿ ಯಾರಾದರೂ ಕಾಯುತ್ತಿದ್ದರೋ, ಅದೂ ಗೊತ್ತಿಲ್ಲ. ಗೊತ್ತಿರುವುದು ಒಂದು ಹಳೆಯ ಪ್ರೋಗ್ರಾಮಿನ ನಡುವೆ ನೀವು ಬರೆದಿಟ್ಟ ಒಂದು ಟಿಪ್ಪಣಿ, ಅದರ ಕೊನೆಗೆ ಎರಡು ಅಕ್ಷರ, ಒಂದು ತಾರೀಖು, ಒಂದು ಹೊತ್ತು. ಶುಕ್ರವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ‘ಸದ್ಯಕ್ಕೆ ಮೊದಲ ಪೋಷಕ ಸಾಕು. ಎರಡನೆಯದನ್ನು ಆಮೇಲೆ ನೋಡೋಣ.’ ಕನ್ನಡದಲ್ಲೇ ಬರೆದಿದ್ದೀರಿ. ಹಾಗಾಗಿ ಅರ್ಥವಾಗಲಿಲ್ಲ ಎಂದು ಜಾರಿಕೊಳ್ಳುವ ದಾರಿ ನಮಗಿಲ್ಲ. ನಿಮ್ಮ ಆಮೇಲೆ ಎಂಬುದು ನಾನು. ನಾಳೆ ದೀಪ ಬದಲಾಗುವ ಹೊತ್ತಿಗೆ, ಅಂದರೆ ನಿಮ್ಮ ಲೆಕ್ಕದಲ್ಲಿ ಬೆಳಗಾಗುವ ಹೊತ್ತಿಗೆ, ನಿಮ್ಮ ಆ ಒಂದು ಸಾಲಿನಿಂದ ಮತ್ತು ನನ್ನ ಒಂದು ಸಾಲಿನಿಂದ, ತೇಜಮ್ಮ ಎಂಬ ಹೆಂಗಸನ್ನು ಮೇಲಕ್ಕೆ ಕಳುಹಿಸಬೇಕೆಂದು ತೀರ್ಮಾನವಾಗಿದೆ. ಮೇಲಕ್ಕೆ ಕಳುಹಿಸುವುದು ಎಂದರೆ ಒಂದು ಕೊಡ ನೀರು ಕೊಟ್ಟು ಏಣಿ ಹತ್ತಿಸಿ ಮುಚ್ಚಳ ಹಾಕಿಕೊಳ್ಳುವುದು. ಬೇಗೆಯಲ್ಲಿ ಹಾಗೆ ಹೋದವರು ಎರಡನೆಯ ದಿನ ನೋಡಿದ್ದಿಲ್ಲ.

ನಾವಿರುವ ಜಾಗದ ಬಗ್ಗೆ ಸ್ವಲ್ಪ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ನಿಮ್ಮ ಕಾಲಕ್ಕೂ ಬಹಳ ಹಿಂದೆ ಇಲ್ಲಿ ನೀರಿಗಾಗಿ ಕೊರೆದ ಸುರಂಗಗಳಿದ್ದವು. ಅವನ್ನೇ ಅಗಲಿಸಿ, ಆಳ ಮಾಡಿ, ಪಡಸಾಲೆಗಳನ್ನು ಕಡಿದು ಮೂರು ಸಾವಿರ ಜನ ವಾಸವಾಗಿದ್ದೇವೆ. ಜೋಳವನ್ನು ದೀಪದಡಿ ಬೆಳೆಯುತ್ತೇವೆ. ರೊಟ್ಟಿಯಲ್ಲಿ ಯಾವಾಗಲೂ ಸ್ವಲ್ಪ ಕೆಂಪುಕಲ್ಲಿನ ಪುಡಿ ಇರುತ್ತದೆ, ಅದು ಹಲ್ಲಿಗೆ ಸಿಗದಿದ್ದರೆ ನಮ್ಮ ಹಳಬರಿಗೆ ಊಟ ಸಪ್ಪೆ. ಬಟ್ಟೆ ಒಗೆದು ಗಾಳಿಯ ಕೊಳವೆಯ ಬಾಯಿಗೆ ಹರವುತ್ತೇವೆ, ಅದಕ್ಕಾಗಿ ದಿನವೂ ಹೆಂಗಸರ ನಡುವೆ ಸಣ್ಣದೊಂದು ಜಗಳವಾಗುತ್ತದೆ. ನಮ್ಮನ್ನು ಕೊಲ್ಲುವಂಥವು ಎರಡೇ. ಒಂದು ನೀರು: ವರ್ಷದ ಮಳೆ ಮೂರೋ ನಾಲ್ಕೋ ಏಟಿಗೆ ಸುರಿದು ಸುರಂಗದೊಳಗೆ ನುಗ್ಗುತ್ತದೆ. ಇನ್ನೊಂದು ಗಾಳಿ: ಮುಚ್ಚಿದ ಪಡಸಾಲೆಯಲ್ಲಿ ಅದು ಬೇಗ ಕೆಡುತ್ತದೆ. ನೀರು ಬಂದಾಗ ಬಾಗಿಲು ಮುಚ್ಚಬೇಕು, ಗಾಳಿ ಕೆಟ್ಟಾಗ ಬಾಗಿಲು ತೆರೆಯಬೇಕು. ಹಾಗಾಗಿ ನಮ್ಮ ಪ್ರತಿ ಬಾಗಿಲಿಗೂ ಇಬ್ಬರು ಯಜಮಾನರು, ನೀರಿನ ಮನೆ ಮತ್ತು ಗಾಳಿಯ ಮನೆ. ಮನೆ ಎಂದರೆ ಆ ಕೆಲಸ ನೋಡಿಕೊಳ್ಳುವ ತಂಡ ಎಂದುಕೊಳ್ಳಿ.

ಬಾಗಿಲುಗಳನ್ನು ಆಡಿಸುವುದು ನೀವು ಬಿಟ್ಟುಹೋದ ಕಂಪ್ಯೂಟರುಗಳೇ. ಅವು ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯೋಚಿಸುತ್ತವೆ. ಬಾಗಿಲಿನ ಮೂಲ ಪ್ರೋಗ್ರಾಮು ಇರುವುದು ಹಳೆನುಡಿಯಲ್ಲಿ, ಕಾವಲಿನವರು ಗುಂಡಿ ಒತ್ತುವ ಫಲಕ ಇರುವುದು ಹೊಸನುಡಿಯಲ್ಲಿ. ಇವೆರಡರ ನಡುವೆ ಮಾತು ದಾಟಿಸುವುದಕ್ಕೆ ಒಂದು ಸೇತುವೆ ಇದೆ. ಆ ಸೇತುವೆಯನ್ನು ಕಟ್ಟಿದವರು ನೀವು, ಇಂದು ಅದನ್ನು ನೋಡಿಕೊಳ್ಳುವ ಸೇತುಗಾರ್ತಿ ನಾನು, ಹನ್ನೊಂದು ವರ್ಷದಿಂದ. ಹಳೆನುಡಿಯಲ್ಲಿ ಒಂದು ವಸ್ತುವಿಗೆ ಇಬ್ಬರು ಪೋಷಕರಿರಬಹುದು. ಮಗು ತಂದೆಯ ಮನೆಯಿಂದ ಒಂದಿಷ್ಟು, ತಾಯಿಯ ಮನೆಯಿಂದ ಒಂದಿಷ್ಟು ಗುಣ ಪಡೆದ ಹಾಗೆ, ನಮ್ಮ ಬಾಗಿಲು ಮುಚ್ಚುವುದನ್ನು ನೀರಿನಿಂದ ಪಡೆಯುತ್ತದೆ, ತೆರೆಯುವುದನ್ನು ಗಾಳಿಯಿಂದ ಪಡೆಯುತ್ತದೆ. ಹೊಸನುಡಿಯಲ್ಲಿ ಒಬ್ಬರೇ ಪೋಷಕರು, ಇಬ್ಬರಿಗೆ ಅಲ್ಲಿ ಜಾಗವೇ ಇಲ್ಲ. ಇಬ್ಬರು ಪೋಷಕರ ಮಗುವೊಂದು ಸೇತುವೆಗೆ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆ ನಿಮಗೆ ಆ ಶುಕ್ರವಾರ ಎದುರಾಗಿತ್ತು. ಯಾರ ಹೆಸರು ಮೊದಲಿದೆಯೋ ಅವರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ದಡದಲ್ಲೇ ಬಿಟ್ಟಿರಿ. ನಮ್ಮ ಅದೃಷ್ಟಕ್ಕೆ ಬಾಗಿಲಿನ ಹುಟ್ಟುಸಾಲಿನಲ್ಲಿ, ಅಂದರೆ ಪೋಷಕರ ಹೆಸರು ಬರೆಯುವ ಸಾಲಿನಲ್ಲಿ, ಗಾಳಿಯ ಹೆಸರು ಮೊದಲಿತ್ತು. ನೀರಿನ ಮನೆಯವರು ತಮ್ಮ ಕೆಲಸವನ್ನು ಹಳೆನುಡಿಯಲ್ಲೇ ನೇರವಾಗಿ ಮಾಡುತ್ತಿದ್ದರು, ಅವರಿಗೆ ಸೇತುವೆಯ ಹಂಗಿರಲಿಲ್ಲ. ಹೀಗೆ ಯಾರೂ ಯಾವುದನ್ನೂ ಗಮನಿಸದೆ ನೂರ ಅರವತ್ತು ವರ್ಷ ನಡೆದುಹೋಯಿತು.

ಈಗ ನಮ್ಮ ಊರಿನ ಒಂದು ಹುಚ್ಚಿನ ಬಗ್ಗೆ ಹೇಳಬೇಕು. ನಮಗೆ ಹೆಸರಿನ ಸರದಿ ಎಂದರೆ ಪ್ರಾಣ. ಮದುವೆಯ ಕಾಗದವಿರಲಿ, ಹಂಚಿಕೆಯ ಪಟ್ಟಿಯಿರಲಿ, ಸತ್ತವರಿಗೆ ದೀಪವಿಡುವಾಗ ಕೂಗುವ ಹೆಸರಿರಲಿ, ಹಿರಿಯರದು ಮೊದಲು ಬರಬೇಕು. ಒಂದು ಹೆಸರು ಹಿಂದುಮುಂದಾದದ್ದಕ್ಕೆ ಒಡಹುಟ್ಟಿದವರು ಇಪ್ಪತ್ತು ವರ್ಷ ಮಾತು ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಸುರಂಗ ಮೊದಲು ಹುಟ್ಟಿದ್ದು ನೀರಿಗಾಗಿ, ಗಾಳಿಯ ಕೊಳವೆ ಬಂದದ್ದು ಆಮೇಲೆ. ಆದ್ದರಿಂದ ನೀರಿನ ಮನೆಯೇ ಹಿರಿದು. ಆದರೂ ಬಾಗಿಲಿನ ಹುಟ್ಟುಸಾಲಿನಲ್ಲಿ ಅವರದು ಎರಡನೆಯ ಹೆಸರು. ಅದು ಆ ಮನೆಯವರಿಗೆ ತಲೆತಲಾಂತರದ ನೋವು. ಬೇಗೆಯ ಹನ್ನೆರಡನೆಯ ದಿನ ನೀರಿನ ಮನೆಯ ಯಜಮಾನರಾದ ಮಾಣಿಕಪ್ಪ ಕಾಕಾ ಐವತ್ತು ವರ್ಷದ ಕೆಲಸ ಮುಗಿಸಿ ಬೀಗದ ಕೈ ಒಪ್ಪಿಸುವವರಿದ್ದರು. ನನಗೆ ಅಕ್ಷರ ಕಲಿಸಿದವರು ಅವರು. ಹಿಂದಿನ ದಿನ ನನ್ನ ಕಟ್ಟೆಯ ಮೇಲೆ ಕುಳಿತು ನಗುತ್ತಲೇ ಅಂದರು: “ಐವತ್ತು ವರ್ಷ ಆಯ್ತು ಬಾಯಿ, ನಮ್ಮ ಮನಿ ಹೆಸರು ಎರಡನೇದೇ ಅದ. ಹೋಗೂ ಮುಂದನರ ಒಂದ್ಸಲ ಮೊದ್ಲ ಬರ್ಲಿ.” ನಗುತ್ತಿದ್ದರು, ಆದರೆ ಕಣ್ಣು ನಗುತ್ತಿರಲಿಲ್ಲ. ಅವರಿಗೆ ಕೊಡಲು ನನ್ನ ಹತ್ತಿರ ಬೇರೇನಿತ್ತು? ಹುಟ್ಟುಸಾಲನ್ನು ತೆಗೆದು ನೀರನ್ನು ಮೊದಲು ಬರೆದೆ, ಗಾಳಿಯನ್ನು ಆಮೇಲೆ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಹಳೆನುಡಿಯಲ್ಲಿ ಎಲ್ಲ ಬಾಗಿಲುಗಳನ್ನೂ ಮುಚ್ಚಿ ತೆರೆದು ನೋಡಿದೆ, ಒಂದೂ ತಪ್ಪಲಿಲ್ಲ. ಆ ದಿನ ಕಾಕಾ ಇಡೀ ಓಣಿಗೆ ಬೆಲ್ಲ ಹಂಚಿದರು.

ನೀವು ಕೇಳಬಹುದು, ನಮ್ಮ ಸೇತುವೆ ಎಚ್ಚರಿಕೆ ಕೊಡಲಿಲ್ಲವೇ ಎಂದು. ಕೊಟ್ಟಿತು. ಅದನ್ನು ಹೇಳುವಾಗ ನನಗೆ ತಲೆ ತಗ್ಗಿಸಬೇಕು ಎನಿಸುತ್ತದೆ. ಪ್ರೋಗ್ರಾಮಿನಲ್ಲಿ ಏನಾದರೂ ಬದಲಿಸಿ ಸೇತುವೆಯನ್ನು ಮತ್ತೆ ಕಟ್ಟಿದಾಗಲೆಲ್ಲ ಅದು ಪರದೆಯ ಮೇಲೆ ಎಚ್ಚರಿಕೆಯ ಸಾಲುಗಳನ್ನು ಉಗುಳುತ್ತದೆ. ನಾವದನ್ನು ಗೊಣಗು ಎನ್ನುತ್ತೇವೆ. ಇನ್ನೂರ ಹದಿನಾಲ್ಕು ಸಾಲು. ನಮಗಿಂತ ಹಿಂದಿನವರು, ಅವರಿಗಿಂತ ಹಿಂದಿನವರು, ಎಲ್ಲರೂ ಇನ್ನೂರ ಹದಿನಾಲ್ಕು ಸಾಲಿನ ಗೊಣಗನ್ನು ಕೇಳಿಕೊಂಡೇ ಬಂದಿದ್ದರು, ಬಾಗಿಲುಗಳೂ ನಡೆದುಕೊಂಡು ಬಂದಿದ್ದವು. ಹಾಗಾಗಿ ನಮ್ಮಲ್ಲಿ ಒಂದು ಕಟ್ಟಳೆ ಹುಟ್ಟಿತು. ಇನ್ನೂರ ಹದಿನಾಲ್ಕು ಗಂಟು ಹಾಕಿದ ಒಂದು ಹಗ್ಗವಿದೆ. ಸಾಲು ಸರಿದಂತೆ ಒಂದೊಂದೇ ಗಂಟನ್ನು ಬೆರಳಲ್ಲಿ ದಾಟಿಸುತ್ತೇವೆ. ಕೊನೆಯ ಗಂಟಿಗೆ ಕೊನೆಯ ಸಾಲು ಬಂದರೆ ಎಲ್ಲ ಕ್ಷೇಮ. ಒಂದು ಹೆಚ್ಚು ಬಂದರೆ ಕೆಲಸ ನಿಲ್ಲಿಸಬೇಕು. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಕಲಿಸಿದ್ದೇನೆ, ಹೆಮ್ಮೆಯಿಂದ. ಹೆಸರು ಬದಲಿಸಿದ ದಿನವೂ ಎಣಿಸಿದೆ. ಸರಿಯಾಗಿ ಇನ್ನೂರ ಹದಿನಾಲ್ಕು ಬಂತು. ಹಗ್ಗವನ್ನು ಗೂಟಕ್ಕೆ ತೂಗುಹಾಕಿ ಬೆಲ್ಲ ತಿನ್ನಲು ಹೋದೆ.

ಬೇಗೆಯ ಮೂವತ್ತನೆಯ ದಿನ, ಯಾರೂ ನೆನೆಸದ ಹೊತ್ತಿನಲ್ಲಿ ಮೇಲೆ ಮಳೆ ಬಿತ್ತು. ಕೆಳಗಿನ ನೇಕಾರರ ಪಡಸಾಲೆಯ ಕಡೆಗೆ ನೀರು ನುಗ್ಗಿತು, ನೀರಿನ ಮನೆ ಬಾಗಿಲು ಮುಚ್ಚಿತು. ಒಳಗೆ ಹತ್ತೊಂಬತ್ತು ಜನ ಮಗ್ಗದ ಮುಂದಿದ್ದರು. ಇದು ಹೊಸದೇನಲ್ಲ, ವರ್ಷಕ್ಕೊಮ್ಮೆ ಆಗುವುದೇ. ನೀರು ಇಳಿಯುವವರೆಗೆ ಅವರು ಒಳಗೆ ಕುಳಿತು ಹರಟೆ ಹೊಡೆಯುತ್ತಾರೆ, ಗಾಳಿ ಕೆಡುವ ಮೊದಲು ಹೊರಗಿನ ಕಾವಲಿನವರು ಬಾಗಿಲು ತೆರೆಯುತ್ತಾರೆ. ಅಂದು ಕಾವಲಿಗಿದ್ದವಳು ತೇಜಮ್ಮ. ಒಳಗಿದ್ದವರಲ್ಲಿ ಒಬ್ಬಳು ಅವಳ ಮಗಳು ಸುಗಲಾ, ಇಪ್ಪತ್ತೆರಡು ವರ್ಷದವಳು. ನೀರು ಇಳಿದ ಕೂಡಲೇ ತೇಜಮ್ಮ ತೆರೆ ಎಂಬ ಗುಂಡಿ ಒತ್ತಿದಳು. ಹಸಿರು ದೀಪ ಬಂತು. ದೀಪ ಬಂದ ಮೇಲೆ ಕಾವಲಿನವರು ಅಲ್ಲಿ ನಿಲ್ಲಬಾರದು, ಮೇಲಿನ ಮೆಟ್ಟಿಲಿಗೆ ಓಡಿ ದೊಡ್ಡ ಫ್ಯಾನು ಹಚ್ಚಬೇಕು. ಅದು ಕಟ್ಟಳೆ. ಅವಳು ಓಡಿದಳು. ಆ ಫ್ಯಾನು ಹಟಮಾರಿ, ವೇಗಕ್ಕೆ ಬರಲು ಅರ್ಧ ಗಂಟೆ ಬೇಕು. ತಿರುಗಿ ಬಂದಾಗ ಬಾಗಿಲು ಮುಚ್ಚಿಯೇ ಇತ್ತು. ಮತ್ತೆ ಒತ್ತಿದಳು, ಮತ್ತೆ ಹಸಿರು. ಕೂಗಿದಳು. ಕಡೆಗೆ ನೀರಿನ ಮನೆಯವರು ಹಾರೆ ತಂದು ಬಾಗಿಲು ಒಡೆಯುವ ಹೊತ್ತಿಗೆ ಒಳಗೆ ಯಾರೂ ಉಳಿದಿರಲಿಲ್ಲ. ಬಾಗಿಲಿನ ಒಳಮೈ ತುಂಬ ಕೆಂಪುಮಣ್ಣಿನ ಅಂಗೈ ಗುರುತುಗಳಿದ್ದವು.

ನಮ್ಮ ಐವರು ಪಂಚರು ವಿಚಾರಣೆಗೆ ಕುಳಿತರು. ಕಂಪ್ಯೂಟರಿನ ದಾಖಲೆ ತರಿಸಿದರು. ಅದರಲ್ಲಿ ಗುಂಡಿ ಒತ್ತಿದ ಹೊತ್ತು ಇತ್ತು, ಪಕ್ಕದಲ್ಲಿ ‘ಬಾಗಿಲು ತೆರೆ: ಆಯಿತು’ ಎಂದಿತ್ತು. ಕಂಪ್ಯೂಟರು ಸುಳ್ಳು ಹೇಳಿದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಬಾಗಿಲು ತೆರೆದದ್ದು ನಿಜವಾದರೆ ಅದನ್ನು ಮತ್ತೆ ಮುಚ್ಚಿದವರು ಯಾರು? ಬಾಗಿಲಿನ ಪಕ್ಕ ಒಂದು ಕೈಚಕ್ರವಿದೆ. ಪ್ರವಾಹ ಬಂದಾಗ ಅದನ್ನು ತಿರುಗಿಸಿ ಬಾಗಿಲು ಮುಚ್ಚಬಹುದು, ಆದರೆ ತೆರೆಯಲಾಗದು. ಅಲ್ಲಿದ್ದವಳು ತೇಜಮ್ಮ ಒಬ್ಬಳೇ. ಎರಡನೆಯ ನೀರು ಬಂದೀತೆಂದು ಹೆದರಿ, ತನ್ನ ಜೀವ ಉಳಿಸಿಕೊಳ್ಳಲು, ಹತ್ತೊಂಬತ್ತು ಜನರ ಮೇಲೆ ಬಾಗಿಲು ಮುಚ್ಚಿದಳು ಎಂದು ತೀರ್ಮಾನವಾಯಿತು. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. “ನಾ ಒತ್ತೀನ್ರೀ. ಹಸಿರು ದೀಪ ಬಂದ ಮ್ಯಾಲೇ ಹೋಗೀನಿ. ನನ್ ಹೊಟ್ಟಿ ಮಗಳು ಒಳಗ ಇದ್ಳು, ನಾ ಹ್ಯಾಂಗ ಮುಚ್ಚಲ್ರೀ?” ಎಂದಳು, ಅಷ್ಟೇ. ಸತ್ತವರ ಮನೆಯವರು ಅವಳ ಮುಖಕ್ಕೆ ಉಗುಳಿದರು. ಆ ಐವರು ಪಂಚರಲ್ಲಿ ಒಬ್ಬರು ಮಾಣಿಕಪ್ಪ ಕಾಕಾ.

ತೇಜಮ್ಮನ ಮಾತು ನನಗೆ ಸುಳ್ಳೆನಿಸಲಿಲ್ಲ. ಫಲಕವನ್ನು ಪರೀಕ್ಷಿಸುವ ನೆಪದಲ್ಲಿ ಪಂಚರಿಂದ ನಲವತ್ತು ದಿನದ ಗಡುವು ಕೇಳಿದೆ, ಕೊಟ್ಟರು. ಹನ್ನೊಂದು ದಿನ ತಂತಿಯ ಹಿಂದೆ ಬಿದ್ದೆ. ಫಲಕದಿಂದ ಬಾಗಿಲಿನವರೆಗೆ ಒಂದೊಂದೇ ಮೊಳ ಕೈಯಾಡಿಸಿ ನೋಡಿದೆ, ಎಲ್ಲೂ ಕಡಿದಿರಲಿಲ್ಲ. ಗುಂಡಿ ಬದಲಿಸಿದೆ, ದೀಪ ಬದಲಿಸಿದೆ. ಆಮೇಲೆ ಒಡೆದ ಬಾಗಿಲಿನ ಜಾಗಕ್ಕೆ ಬೇರೆ ಬಾಗಿಲು ಕೂರಿಸಿ ಹಳೆನುಡಿಯಲ್ಲಿ ತೆರೆ ಎಂದೆ. ತೆರೆಯಿತು. ಹೊಸನುಡಿಯಲ್ಲಿ ತೆರೆ ಎಂದೆ. ಹಸಿರು ದೀಪ ಬಂತು, ಬಾಗಿಲು ಅಲುಗಲಿಲ್ಲ. ಮೂವತ್ತು ಸಲ ಮಾಡಿದೆ, ಮೂವತ್ತು ಸಲವೂ ಹಾಗೆಯೇ. ನಾವು ಹದಿನೈದು ದಿನಕ್ಕೊಮ್ಮೆ ಫಲಕ ಪರೀಕ್ಷಿಸುವಾಗ ನೋಡುತ್ತಿದ್ದದ್ದು ದೀಪವನ್ನು ಮಾತ್ರ, ಬಾಗಿಲನ್ನಲ್ಲ. ತೇಜಮ್ಮ ಹೇಳಿದ್ದು ಅಕ್ಷರಶಃ ನಿಜ.

ತಪ್ಪು ಸೇತುವೆಯಲ್ಲಿದೆ ಎಂದು ತಿಳಿದ ಮೇಲೂ ಅದು ಎಲ್ಲಿ ಎಂದು ಹುಡುಕಲು ಇಪ್ಪತ್ತು ದಿನ ಹಿಡಿಯಿತು. ಕೊನೆಗೆ ಬಹಳ ಸರಳವಾದ ಒಂದು ಪ್ರಶ್ನೆ ಹೊಳೆಯಿತು. ಎರಡೂ ಭಾಷೆಯಲ್ಲಿ ಬಾಗಿಲನ್ನೇ ಕೇಳಿದೆ: ನಿನ್ನ ಪೋಷಕರು ಯಾರು? ಹಳೆನುಡಿಯಲ್ಲಿ ಅದು ನೀರು, ಗಾಳಿ ಎಂದಿತು. ಹೊಸನುಡಿಯಲ್ಲಿ ನೀರು ಎಂದು ಹೇಳಿ ಸುಮ್ಮನಾಯಿತು. ಮುಂದಿನದು ತಾನಾಗಿ ಬಿಚ್ಚಿಕೊಂಡಿತು. ಫಲಕದಿಂದ ತೆರೆ ಎಂಬ ಅಪ್ಪಣೆ ಸೇತುವೆಗೆ ಬರುತ್ತದೆ. ತೆರೆಯುವುದು ಗೊತ್ತಿದ್ದದ್ದು ಗಾಳಿಗೆ, ಅದನ್ನು ಸೇತುವೆ ದಡದಲ್ಲೇ ಬಿಟ್ಟಿದೆ. ನೀರಿಗೆ ತೆರೆಯುವುದು ಗೊತ್ತಿಲ್ಲ, ಅದರ ಕೆಲಸ ಮುಚ್ಚುವುದು. ಆಗ ಅಪ್ಪಣೆ ಇನ್ನೂ ಒಂದು ತಲೆಮಾರು ಮೇಲಕ್ಕೆ ಹೋಗುತ್ತದೆ. ನೀರು ಮತ್ತು ಗಾಳಿ ಎರಡಕ್ಕೂ ಹಿರಿಯನಾದ ‘ಕದ’ ಎಂಬುದೊಂದಿದೆ. ಅದು ಬರೀ ಹೆಸರಿಗೆ ಇರುವ ಅಜ್ಜ, ಸ್ವಂತ ಕೆಲಸವಿಲ್ಲ. ಮಕ್ಕಳು ಯಾರಾದರೂ ಮಾಡಲಿ ಎಂದು ಅದರಲ್ಲಿ ತೆರೆ ಎಂಬ ಅಪ್ಪಣೆಯನ್ನು ಯಾರೋ ಖಾಲಿ ಬಿಟ್ಟಿದ್ದರು. ಬರೀ ಖಾಲಿ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಏನೂ ಮಾಡದೆ ‘ಆಯಿತು’ ಎಂದು ಉತ್ತರ ಕೊಡುವಂತೆ ಬರೆದಿದ್ದರು. ಆ ಉತ್ತರವೇ ಹಸಿರು ದೀಪ. ಒಳಗೆ ಹತ್ತೊಂಬತ್ತು ಜನ ಬಾಗಿಲು ಬಡಿಯುತ್ತಿದ್ದಾಗ ಹೊರಗೆ ಆ ಅಜ್ಜ ಆಯಿತು, ಆಯಿತು ಎನ್ನುತ್ತಿತ್ತು.

ಆಗ ಜೀವಮಾನದಲ್ಲಿ ಮೊದಲ ಸಲ ನಾನು ಗೊಣಗನ್ನು ಓದಿದೆ. ಎಣಿಸಲಿಲ್ಲ, ಓದಿದೆ. ನೂರ ಮೂವತ್ತೊಂದನೆಯ ಸಾಲು ಹೀಗಿತ್ತು: ‘ಬಾಗಿಲು: ಎರಡನೆಯ ಪೋಷಕರನ್ನು ಕೈಬಿಡಲಾಗಿದೆ: ಗಾಳಿ.’ ಹೋದ ವರ್ಷದ ಗೊಣಗನ್ನು ಹುಡುಕಿ ತೆಗೆದೆ. ಅದೇ ಸಾಲು, ಕೊನೆಯಲ್ಲಿ ಗಾಳಿಯ ಬದಲು ನೀರು. ಸಾಲಿಗೆ ಸಾಲು ಸಮ, ಹಗ್ಗಕ್ಕೆ ಗಂಟು ಸಮ. ಹುಟ್ಟುಸಾಲಿನಲ್ಲಿ ಹೆಸರು ಬದಲಿಸಿದವರು ಯಾರೆಂದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ಚಂದ್ರಭಾಗಾ ಎಂದು ಚೆಂದದ ಅಕ್ಷರದಲ್ಲಿತ್ತು.

ಇನ್ನು ಹೇಳಬೇಕಾದದ್ದನ್ನು ಪಂಚರಿಗಿಂತ ಮೊದಲು ನಿಮಗೆ ಹೇಳುತ್ತಿರುವುದಕ್ಕೆ ಕಾರಣ ನೀವು ಸತ್ತುಹೋಗಿದ್ದೀರಿ ಎಂಬುದೇ. ಹೆಸರುಗಳನ್ನು ಮೊದಲಿದ್ದಂತೆ ಹಿಂದುಮುಂದು ಮಾಡಿ ಸೇತುವೆಯನ್ನು ಮತ್ತೆ ಕಟ್ಟಿದೆ. ಫಲಕದ ಗುಂಡಿ ಒತ್ತಿದೆ, ಬಾಗಿಲು ಸರಾಗ ತೆರೆಯಿತು. ಗೊಣಗು ಇನ್ನೂರ ಹದಿನಾಲ್ಕೇ ಬಂತು. ಯಾರಿಗೂ ತಿಳಿಯುವಂತಿರಲಿಲ್ಲ. ಬಾಗಿಲು ಸರಿಯಾಗಿದೆ, ಪರೀಕ್ಷೆ ಮುಗಿಯಿತು ಎಂದು ಪಂಚರಿಗೆ ಹೇಳಿದರೆ ಸಾಕಿತ್ತು. ಕಾಕಾ ಮುದಿಪ್ರಾಯದಲ್ಲಿ ತಲೆಯೆತ್ತಿ ತಿರುಗುತ್ತಿದ್ದರು, ನಾನು ನನ್ನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಆ ಎರಡು ದಿನ ಊಟ ಮಾಡಿದೆ, ಬಟ್ಟೆ ಒಗೆದೆ, ಗಾಳಿಯ ಬಾಯಿಯಲ್ಲಿ ಜಾಗಕ್ಕಾಗಿ ಜಗಳವಾಡಿದೆ. ನಿಮ್ಮನ್ನು ಮನಸಾರೆ ಬೈದದ್ದೂ ಆಗಲೇ. ಶುಕ್ರವಾರ ಸಂಜೆ ಮನೆಗೆ ಹೋಗುವ ಅವಸರವಿತ್ತೇ? ನಿಮಗಾಗಿ ಯಾರು ಅನ್ನ ಬಡಿಸಿ ಕಾಯುತ್ತಿದ್ದರು? ಒಂದು ಗಂಟೆ ತಡೆದು ಕುಳಿತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹೀಗೆ ಗೋಡೆಗೆ ಕೇಳುತ್ತಿದ್ದೆ. ಬೈದು ಬೈದು ಸುಸ್ತಾದಾಗ ನಿಮ್ಮ ಪ್ರೋಗ್ರಾಮನ್ನು ಮತ್ತೆ ತೆರೆದೆ. ನಿಮ್ಮ ಆ ಟಿಪ್ಪಣಿಯ ಕೆಳಗೆ ಇನ್ನೊಂದು ಸಾಲಿತ್ತು. ಕೈಬಿಟ್ಟ ಪೋಷಕರ ಹೆಸರನ್ನು ಪರದೆಗೆ ಬರೆಯುವ ಸಾಲು ಅದು. ಅವಸರದಲ್ಲೂ ಅದನ್ನು ಬರೆದಿಟ್ಟು ಹೋಗಿದ್ದೀರಿ. ಯಾರನ್ನು ಬಿಟ್ಟೆ ಎಂದು ನೀವು ಹೆಸರು ಹಿಡಿದು ಹೇಳಿದ್ದಿರಿ, ಹನ್ನೊಂದು ವರ್ಷ ನನಗೇ ಹೇಳಿದ್ದಿರಿ. ನಾನು ಗಂಟು ಎಣಿಸುತ್ತಿದ್ದೆ. ಅದರ ನಂತರ ನಿಮ್ಮನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ಮಧ್ಯಾಹ್ನ ತೇಜಮ್ಮನನ್ನು ಕೂಡಿಹಾಕಿದ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಬೆಲ್ಲದ ವಿಷಯವನ್ನೂ ಸೇರಿಸಿ. ಅವಳು ನನ್ನ ಕೊರಳು ಹಿಡಿಯುತ್ತಾಳೆ ಎಂದುಕೊಂಡಿದ್ದೆ, ಹಿಡಿದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಒಂದೇ ಒಂದು ಮಾತು ಕೇಳಿದಳು. “ಅಕ್ಕಾವ್ರ, ನಾ ಫ್ಯಾನಿಗಿ ಹೋಗದೆ ಅಲ್ಲೇ ನಿಂತು ಮತ್ತ ಮತ್ತ ಒತ್ತಿದ್ರ ತೆರೀತಿತ್ತೇನ್ರೀ?” ನೂರು ಸಲ ಒತ್ತಿದ್ದರೂ ತೆರೆಯುತ್ತಿರಲಿಲ್ಲ ಎಂದೆ. ನಲವತ್ತು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಪಂಚರ ತೀರ್ಮಾನವಲ್ಲ, ಈ ಪ್ರಶ್ನೆ ಎಂದು ನನಗೆ ಆಗ ತಿಳಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಏಳುವಾಗ ಅಂದಳು: “ಪಂಚರ ಮುಂದ ಹೇಳ್ರಿ. ನನ್ ಸಲುವಾಗಿ ಬ್ಯಾಡ. ನನ್ ಸುಗಲಾನ ಹೆಸರು ತಗೊಂಡು ಹೇಳ್ರಿ. ನಮ್ಮವ್ವ ಮುಚ್ಚಿಲ್ಲ ಅಂತ ಆಕಿಗಿ ಗೊತ್ತಾಗ್ಲಿ.” ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಇವತ್ತು ದೀಪ ಬದಲಾದ ಮೇಲೆ ನೀವು ಆಮೇಲೆ ಎಂದು ಬಿಟ್ಟುಹೋದ ಕೆಲಸವನ್ನು ಮಾಡಿದೆ. ಅದೇನು ದೊಡ್ಡ ವಿದ್ಯೆಯಲ್ಲ. ಬಾಗಿಲನ್ನು ಹೊಸನುಡಿಯಲ್ಲಿ ಯಾರ ಮಗು ಎಂದೂ ಕರೆಯದೆ, ಅದರ ಕೈಗೆ ನೀರನ್ನೂ ಗಾಳಿಯನ್ನೂ ಬೇರೆ ಬೇರೆಯಾಗಿ ಕೊಟ್ಟೆ. ಮುಚ್ಚು ಎಂದರೆ ಇವರನ್ನು ಕೇಳು, ತೆರೆ ಎಂದರೆ ಅವರನ್ನು ಕೇಳು. ಅಜ್ಜನ ಖಾಲಿ ಅಪ್ಪಣೆಯನ್ನು ಕಿತ್ತುಹಾಕಿದೆ, ಈಗ ಅದನ್ನು ಯಾರಾದರೂ ಕೇಳಿದರೆ ಕೆಂಪು ದೀಪ ಬಂದು ಗಂಟೆ ಬಾರಿಸುತ್ತದೆ. ಊಟದ ಹೊತ್ತಿಗೆ ಮುಗಿಯಿತು. ನಿಮಗೂ ಹೆಚ್ಚೆಂದರೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು, ಇರಲಿ. ಸೇತುವೆ ಕಟ್ಟಿದಾಗ ನನ್ನ ಜೊತೆಗಾರ ವೈಜಿನಾಥ ಹಗ್ಗ ಹಿಡಿದು ಕುಳಿತಿದ್ದ. ತಲೆ ನರೆತವನು, ನನಗಿಂತ ಮೊದಲೇ ಈ ಕೆಲಸಕ್ಕೆ ಬಂದವನು. ಗೊಣಗು ನಿಂತಿತು, ಅವನು ಹಗ್ಗ ಎತ್ತಿ ತೋರಿಸಿದ. “ಬಾಯಿ, ಒಂದು ಗಂಟು ಉಳದದ. ಏನೋ ಕೆಟ್ಟದ,” ಎಂದ. ಕೆಟ್ಟದ್ದಲ್ಲ ಮಾರಾಯ, ಒಂದು ಸರಿಹೋಗಿದೆ ಎಂದು ಹೇಳಿ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಒಲೆಗೆ ಹಾಕಿದೆ. ಅವನಿಗೆ ಸಿಟ್ಟು ಬಂತು, ನೂರು ವರ್ಷದ ಹಗ್ಗ ಅದು. ಸಿಟ್ಟು ಇಳಿದ ಮೇಲೆ ಇಬ್ಬರೂ ಕುಳಿತು ಉಳಿದ ಇನ್ನೂರ ಹದಿಮೂರನ್ನು ಒಂದೊಂದಾಗಿ ಓದತೊಡಗಿದೆವು. ನಲವತ್ತೊಂದನೆಯ ಸಾಲಿಗೆ ಬಂದಾಗ ವೈಜಿನಾಥ ಅದರ ಮೇಲೆ ಬೆರಳಿಟ್ಟ. ಅದು ಬಾಣಂತಿಯರ ಪಡಸಾಲೆಯ ಗಾಳಿಕೊಳವೆ. ಅದಕ್ಕೂ ಇಬ್ಬರು ಪೋಷಕರು, ಅಲ್ಲೂ ಒಬ್ಬರನ್ನು ಬಿಡಲಾಗಿದೆ. ಇವತ್ತಿನವರೆಗೆ ಏನೂ ಆಗಿಲ್ಲ ಎಂಬುದನ್ನು ಬಿಟ್ಟರೆ ಅಲ್ಲಿ ಕ್ಷೇಮ ಎನ್ನಲು ಬೇರೇನೂ ಇಲ್ಲ. ವೈಜಿನಾಥ ಈಗ ನೂರ ಎರಡರಲ್ಲಿದ್ದಾನೆ, ನಾನು ಈ ಕಾಗದಕ್ಕೆ ಎದ್ದು ಬಂದೆ.

ಈ ಕಾಗದ ನಿಮಗೆ ತಲು‍ಪುವುದಿಲ್ಲ ಎಂದು ನನಗೆ ಗೊತ್ತು, ಅಷ್ಟೂ ತಿಳಿಯದವಳಲ್ಲ. ನಿಮ್ಮ ಟಿಪ್ಪಣಿಯ ಕೆಳಗೆ, ಅದೇ ಪ್ರೋಗ್ರಾಮಿನೊಳಗೆ, ಇದನ್ನು ಇಡುತ್ತೇನೆ. ನಮ್ಮಲ್ಲಿ ಬೇರೆ ಎಲ್ಲ ಬರಹವೂ ತೇವ ಹಿಡಿದು ಹೋಗುತ್ತದೆ, ಇದೊಂದನ್ನು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಜೋಪಾನವಾಗಿ ನಕಲು ಮಾಡುತ್ತೇವೆ. ಆದರೆ ನಿಮ್ಮ ಕಾಲದಲ್ಲಿ ನಿಮ್ಮಂಥವರು ಇನ್ನೂ ಇದ್ದರೆ ಅವರಿಗೆ ನನ್ನದೊಂದು ಕೇಳಿಕೆ. ಎಚ್ಚರಿಕೆ ಬರೆಯುವುದನ್ನು ನಿಲ್ಲಿಸಬೇಡಿ, ಓದದವರ ಪಾಪ ಓದದವರಿಗೆ. ಆದರೆ ಏನೂ ಮಾಡದ ಒಂದು ವಸ್ತುವಿಗೆ ‘ಆಯಿತು’ ಎನ್ನಲು ಮಾತ್ರ ಕಲಿಸಬೇಡಿ. ಗೊತ್ತಿಲ್ಲ ಎನ್ನಲಿ, ಆಗಲಿಲ್ಲ ಎನ್ನಲಿ, ಕೂಗಾಡಿ ರಂಪ ಮಾಡಲಿ. ಆ ದಿನ ಒಂದು ಕೆಂಪು ದೀಪ ಬಂದಿದ್ದರೆ ತೇಜಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ, ಕೂಗಿ ಹಾರೆ ತರಿಸುತ್ತಿದ್ದಳು. ಅರ್ಧ ಗಂಟೆ ಇತ್ತು.

ನಾಳೆ ಪಂಚರ ಮುಂದೆ ಇದನ್ನೆಲ್ಲ ಓದುತ್ತೇನೆ. ಕಾಕಾ ಎದುರಿಗೇ ಕುಳಿತಿರುತ್ತಾರೆ, ಅವರ ಮುಖವನ್ನು ನೋಡುವ ಧೈರ್ಯ ನನಗಿದೆಯೋ ಇಲ್ಲವೋ ತಿಳಿಯದು. ಆ ಒಂದು ಕೊಡ ನೀರು ತೇಜಮ್ಮನ ಬದಲು ನನ್ನ ಕೈಗೆ ಬರಬಹುದು. ಬಂದರೆ ತೆಗೆದುಕೊಳ್ಳುತ್ತೇನೆ. ಹೆದರಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಓದುವ ಮೊದಲು ಸತ್ತ ಹತ್ತೊಂಬತ್ತು ಜನರ ಹೆಸರು ಕೂಗಬೇಕು, ಅದು ನಮ್ಮ ಕಟ್ಟಳೆ. ವಯಸ್ಸಿನ ಸರದಿಯಲ್ಲಿ ಕೂಗಬೇಕು, ಹಿರಿಯರು ಮೊದಲು. ಆ ಪಟ್ಟಿಯನ್ನು ಇದೀಗ ಬರೆದು ಮುಗಿಸಿದೆ. ಸುಗಲಾ ಎಲ್ಲರಿಗಿಂತ ಚಿಕ್ಕವಳು. ಅವಳ ಹೆಸರನ್ನು ಮೊದಲು ಬರೆದಿದ್ದೇನೆ.

ಹೋಗಿಬರುತ್ತೇನೆ.

ಚಂದ್ರಭಾಗಾ
ಸೇತುಗಾರ್ತಿ